ಬೆಂಗಳೂರು ಉಪನಗರ ರೈಲು: ಹಣ ಮಂಜೂರಾದರೂ ರೈಲು ಏಕೆ ಓಡಲಿಲ್ಲ?

ನಮ್ಮ ಕರಾವಳಿಯ ಯಾವ ಊರಿಗೆ ಹೋದರೂ ಬೆಂಗಳೂರಿನಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ಸಿಗುತ್ತವೆ. ಆಸ್ಪತ್ರೆ, ಶಾಲೆ, ಹೋಟೆಲ್, ಕಂಪ್ಯೂಟರ್ ಕಂಪೆನಿ ಹೀಗೆ ಕೆಲಸ ಯಾವುದೇ ಇರಲಿ, ಮನೆಗೆ ಫೋನ್ ಮಾಡಿದಾಗ ಅವರ ದೂರು ಮಾತ್ರ ಒಂದೇ: ಟ್ರಾಫಿಕ್. ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಕಳೆದರೆ ಸಂಸಾರಕ್ಕೆ, ವಿಶ್ರಾಂತಿಗೆ ಉಳಿಯುವ ಸಮಯವೆಷ್ಟು?

ಈ ಕಷ್ಟಕ್ಕೆ ಪರಿಹಾರವೆಂದು ದಶಕಗಳಿಂದ ಹೇಳುತ್ತಾ ಬಂದಿರುವುದು ಉಪನಗರ ರೈಲು. 'ಚುಕುಬುಕು ಬೇಕು' ಎಂದು ನಾಗರಿಕರು ಆಂದೋಲನವನ್ನೇ ನಡೆಸಿದರು. ಕೊನೆಗೂ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಯೋಜನೆಗೆ ಒಪ್ಪಿಗೆ ನೀಡಿತು. 2022ರ ಜೂನ್ 20ರಂದು ಶಂಕುಸ್ಥಾಪನೆ ಮಾಡಿದ ಪ್ರಧಾನಿ ನರೇಂದ್ರ ಮೋದಿಯವರು 40 ವರ್ಷದಲ್ಲಿ ಆಗದ ಕೆಲಸವನ್ನು 40 ತಿಂಗಳಲ್ಲಿ ಮುಗಿಸುವ ಭರವಸೆ ಕೊಟ್ಟರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಕಳೆದುಹೋಯಿತು. ಅಷ್ಟರೊಳಗೆ ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ. ಇದಕ್ಕೆ ಕಾರಣಗಳೇನು?

ಯೋಜನೆ ಏನು?

ಒಟ್ಟು 148 ಕಿ.ಮೀ. ಉದ್ದದ ನಾಲ್ಕು ಮಾರ್ಗಗಳಿಗೆ ನಮ್ಮ ಹೂವುಗಳ ಹೆಸರನ್ನೇ ಇಡಲಾಗಿದೆ. ಬೆಂಗಳೂರು ನಗರ ನಿಲ್ದಾಣದಿಂದ ವಿಮಾನ ನಿಲ್ದಾಣದ ಕಡೆಯಾಗಿ ದೇವನಹಳ್ಳಿಗೆ 'ಸಂಪಿಗೆ' (41 ಕಿ.ಮೀ.), ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ 'ಮಲ್ಲಿಗೆ' (25 ಕಿ.ಮೀ.), ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ 'ಪಾರಿಜಾತ' (35 ಕಿ.ಮೀ.), ಹೀಲಲಿಗೆಯಿಂದ ರಾಜಾನುಕುಂಟೆಗೆ 'ಕನಕ' (46 ಕಿ.ಮೀ.). ಹಾಸನ ಮಾರ್ಗವಾಗಿ ಮಂಗಳೂರಿನಿಂದ ಹೋಗುವ ರೈಲುಗಳು ಚಿಕ್ಕಬಾಣಾವರ, ಯಶವಂತಪುರ ದಾಟುವುದರಿಂದ ಮಲ್ಲಿಗೆ ಮಾರ್ಗವಾದರೆ ನಮ್ಮವರಿಗೂ ನೇರ ಪ್ರಯೋಜನವಿದೆ.

ಈಗಿರುವ ಹಳಿಯಲ್ಲೇ ಹೆಚ್ಚು ರೈಲು ಓಡಿಸಬಾರದೇ ಎಂದು ಹಲವರು ಕೇಳುತ್ತಾರೆ. ಆ ಹಳಿಗಳಲ್ಲಿ ದೂರದ ಎಕ್ಸ್‌ಪ್ರೆಸ್ ಗಾಡಿಗಳೂ ಗೂಡ್ಸ್ ಗಾಡಿಗಳೂ ಓಡುತ್ತವೆ. ಐದೋ ಹತ್ತೋ ನಿಮಿಷಕ್ಕೊಂದು ರೈಲು ಬಿಡಬೇಕಾದರೆ ಪ್ರತ್ಯೇಕ ಹಳಿಯೇ ಬೇಕು.

ಹಣ ಎಲ್ಲಿಂದ?

ಮಂಜೂರಾದಾಗ ಯೋಜನೆಯ ವೆಚ್ಚ 15,767 ಕೋಟಿ ರೂ., ಅಂದರೆ ಕಿಲೋಮೀಟರಿಗೆ ಸುಮಾರು 106 ಕೋಟಿ ರೂ. ಬೆಂಗಳೂರು ಮೆಟ್ರೋದ 42 ಕಿ.ಮೀ. ಉದ್ದದ ಮೊದಲ ಹಂತಕ್ಕೆ ಸುಮಾರು 14 ಸಾವಿರ ಕೋಟಿ ರೂ. ತಗಲಿತ್ತು. ಅದಕ್ಕೆ ಹೋಲಿಸಿದರೆ ಇದು ಅಗ್ಗ. ಬಹುಪಾಲು ಹಳಿ ಈಗಿರುವ ರೈಲ್ವೆ ಜಾಗದ ಬದಿಯಲ್ಲೇ ಸಾಗುವುದು ಇದಕ್ಕೆ ಮುಖ್ಯ ಕಾರಣ.

ಈ ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 20, ರಾಜ್ಯದ ಪಾಲು ಶೇ. 20. ಉಳಿದ ಶೇ. 60 ಸಾಲ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕ್ 50 ಕೋಟಿ ಯೂರೋ, ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ 30 ಕೋಟಿ ಯೂರೋ ಸಾಲ ಕೊಡಲು ಒಪ್ಪಿವೆ. ಆದರೆ ಸಾಲ ಒಪ್ಪಿದ ಕೂಡಲೇ ಹಣ ಕೈಗೆ ಬರುವುದಿಲ್ಲ. ಮನೆ ಕಳೆದುಕೊಳ್ಳುವವರ ಪುನರ್ವಸತಿ, ಪರಿಸರದ ಮೇಲಿನ ಪರಿಣಾಮ ಇತ್ಯಾದಿಗಳ ಷರತ್ತು ಪೂರೈಸಬೇಕು. ಕಾಮಗಾರಿ ಮುಂದುವರಿದಂತೆ ಹಣ ಬಿಡುಗಡೆಯಾಗುತ್ತದೆ. ಕಾಮಗಾರಿ ನಿಂತರೆ ಸಾಲವೂ ನಿಲ್ಲುತ್ತದೆ, ಆದರೆ ಸಿಮೆಂಟು, ಕಬ್ಬಿಣ, ಕೂಲಿಯ ದರ ನಿಲ್ಲುವುದಿಲ್ಲ. ಹೆಚ್ಚಾದ ಹೊರೆ ಕೊನೆಗೆ ಬೀಳುವುದು ತೆರಿಗೆ ಕಟ್ಟುವ ನಮ್ಮ ನಿಮ್ಮ ಮೇಲೆಯೇ.

ಮಾರ್ಗದ ತೊಡಕು

ಹಣಕ್ಕಿಂತ ಕಠಿಣವಾದದ್ದು ಜಾಗದ ಪ್ರಶ್ನೆ. ರೈಲ್ವೆ ಜಾಗ ಇದ್ದರೂ ಅದು ಎಲ್ಲ ಕಡೆ ಸಾಕಾಗುವುದಿಲ್ಲ. ನಿಲ್ದಾಣಗಳಿಗೆ, ತಿರುವುಗಳಿಗೆ ಖಾಸಗಿ ಜಾಗ ಬೇಕು. ಕನಕ ಮಾರ್ಗದಲ್ಲಿ ಸಾವಿರಾರು ಮರಗಳನ್ನು ಕಡಿಯಬೇಕಾಗುವ ಬಗ್ಗೆ ಆಕ್ಷೇಪ ಬಂತು. ಪಾರಿಜಾತದ ಕಥೆ ಇನ್ನೂ ಜಟಿಲ. ವೈಟ್‌ಫೀಲ್ಡ್ ಕಡೆಗೆ ರೈಲ್ವೆ ಇಲಾಖೆಯೇ ಹೆಚ್ಚುವರಿ ಹಳಿ ಹಾಕುತ್ತಿರುವುದರಿಂದ ಇಕ್ಕಟ್ಟಾದ ಅದೇ ಜಾಗದಲ್ಲಿ ಎರಡು ಯೋಜನೆಗಳು ಎದುರುಬದುರಾದವು. ಜೊತೆಗೆ 2023ರ ಅಕ್ಟೋಬರ್‌ನಿಂದ ಮೆಟ್ರೋ ಕೂಡ ಕೆಂಗೇರಿ ಕಡೆಯಿಂದ ವೈಟ್‌ಫೀಲ್ಡ್‌ವರೆಗೆ ಓಡುತ್ತಿದೆ. ವಿಮಾನ ನಿಲ್ದಾಣಕ್ಕೂ ಮೆಟ್ರೋ ಮಾರ್ಗ ಬರುತ್ತಿರುವಾಗ ಸಂಪಿಗೆ ಬೇಕೇ ಎಂಬ ಚರ್ಚೆಯೂ ನಡೆಯಿತು. ಬೇಕು ಎನ್ನುವವರ ವಾದ ಹೀಗಿದೆ: ಮೆಟ್ರೋ ನಗರದೊಳಗಿನವರಿಗೆ, ಉಪನಗರ ರೈಲು ಹೊರವಲಯದಲ್ಲಿ ಕಡಿಮೆ ಬಾಡಿಗೆಗೆ ಮನೆ ಹಿಡಿದು ದೂರ ಪ್ರಯಾಣಿಸುವವರಿಗೆ.

2022ರ ಆಗಸ್ಟ್‌ನಲ್ಲಿ ಮೊದಲು ಗುತ್ತಿಗೆಯಾದದ್ದು ಮಲ್ಲಿಗೆ. ಆದರೆ 2025ರಲ್ಲಿ ಗುತ್ತಿಗೆದಾರ ಕಂಪೆನಿಯು ಕೆಲಸ ಮಾಡಲು ಜಾಗವನ್ನೇ ಬಿಟ್ಟುಕೊಟ್ಟಿಲ್ಲವೆಂದು ದೂರಿ ಹಿಂದೆ ಸರಿಯಿತು. ಜಾಗ ಕೈಗೆ ಬರುವ ಮೊದಲೇ ಗುತ್ತಿಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಒಂದು ಮನೆ, ಇಬ್ಬರು ಯಜಮಾನರು

ಯೋಜನೆಯ ಹೊಣೆ ಹೊತ್ತ 'ಕೆ-ರೈಡ್' ಸಂಸ್ಥೆಯಲ್ಲಿ ರಾಜ್ಯದ ಪಾಲು ಶೇ. 51, ರೈಲ್ವೆಯ ಪಾಲು ಶೇ. 49. ಹಳಿ, ಸಿಗ್ನಲ್, ಸೇತುವೆಯ ಪ್ರತಿ ನಕ್ಷೆಗೂ ರೈಲ್ವೆಯ ಒಪ್ಪಿಗೆ ಬೇಕು. ಭೂಸ್ವಾಧೀನಕ್ಕೆ ರಾಜ್ಯದ ಅಧಿಕಾರಿಗಳು ಬೇಕು. ಒಬ್ಬರು ತಡಮಾಡಿದರೂ ಕಡತ ಅಲ್ಲೇ ಕೂರುತ್ತದೆ. ಸಂಸ್ಥೆಗೆ ಪೂರ್ಣಾವಧಿ ಮುಖ್ಯಸ್ಥರು ಬೇಕು, ಅವರು ರೈಲ್ವೆ ಅನುಭವಿಯಾಗಿರಬೇಕು ಎಂದು ನಾಗರಿಕ ಸಂಘಟನೆಗಳು ಒತ್ತಾಯಿಸಿದ್ದು ಇದಕ್ಕಾಗಿಯೇ.

ಕರಾವಳಿಗೆ ಪಾಠ

ಮಂಗಳೂರು, ಉಡುಪಿ, ಕುಂದಾಪುರ ನಡುವೆ ಉದ್ಯೋಗಿಗಳಿಗೂ ವಿದ್ಯಾರ್ಥಿಗಳಿಗೂ ಅನುಕೂಲವಾಗುವಂತೆ ಬೆಳಿಗ್ಗೆ ಸಂಜೆ ಹೆಚ್ಚು ರೈಲು ಬೇಕೆಂಬ ಆಸೆ ನಮ್ಮಲ್ಲೂ ಇದೆ. ಆದರೆ ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆಯದು ಒಂಟಿ ಹಳಿ. ಒಂದು ಗಾಡಿ ಹೋಗಬೇಕಾದರೆ ಎದುರಿನ ಗಾಡಿ ನಿಲ್ದಾಣದಲ್ಲಿ ಕಾಯಬೇಕು. ಸಾಲದ್ದಕ್ಕೆ ದಕ್ಷಿಣ ರೈಲ್ವೆ, ನೈರುತ್ಯ ರೈಲ್ವೆ, ಕೊಂಕಣ ರೈಲ್ವೆ ಮೂರೂ ಕೂಡುವುದು ಮಂಗಳೂರಿನಲ್ಲೇ. ಬೆಂಗಳೂರಿನಲ್ಲಿ ಇಬ್ಬರು ಯಜಮಾನರಾದರೆ ಇಲ್ಲಿ ಮೂವರು.

ಆದುದರಿಂದ ಜನಪ್ರತಿನಿಧಿಗಳಿಗೆ ಮನವಿ ಕೊಡುವಾಗ 'ನಮಗೆ ರೈಲು ಬೇಕು' ಎಂದಷ್ಟೇ ಬರೆದರೆ ಸಾಲದು. ಯಾವ ಹಳಿಯಲ್ಲಿ, ಎಷ್ಟು ಗಂಟೆಗೆ, ಯಾರ ಜಾಗದಲ್ಲಿ, ಯಾರ ಖರ್ಚಿನಲ್ಲಿ ಎಂಬ ನಾಲ್ಕು ಪ್ರಶ್ನೆಗಳನ್ನೂ ಕೇಳಬೇಕು. ಶಂಕುಸ್ಥಾಪನೆಯ ಕಲ್ಲಿಗಿಂತ ಈ ಪ್ರಶ್ನೆಗಳಿಗೆ ಬರುವ ಲಿಖಿತ ಉತ್ತರವೇ ಹೆಚ್ಚು ಗಟ್ಟಿ. ಬೆಳಿಗ್ಗೆ ಕತ್ತಲಲ್ಲಿ ಮನೆ ಬಿಟ್ಟು ರಾತ್ರಿ ಕತ್ತಲಲ್ಲಿ ಮರಳುವ ನಮ್ಮ ಮಕ್ಕಳಿಗೆ ಬೇಕಾಗಿರುವುದು ಸಮಯಕ್ಕೆ ಸರಿಯಾಗಿ ಬರುವ ಒಂದು ರೈಲು.