ಗಂಗಾವತಿಯ ಲೆಕ್ಕ, ಕುಷ್ಟಗಿಯ ಗಾಳಿ

ನಮ್ಮ ಹಾಸ್ಟೆಲ್‌ನಲ್ಲಿ ಕೊಪ್ಪಳ ಜಿಲ್ಲೆಯವರು ನಾವು ನಾಲ್ಕು ಜನ ಇದೀವಿ. ಒಬ್ಬ ಕೊಪ್ಪಳದವ, ಒಬ್ಬ ಗಂಗಾವತಿ, ಒಬ್ಬ ಕುಷ್ಟಗಿ, ಇನ್ನೊಬ್ಬ ಯಲಬುರ್ಗಾ. ನಾಲ್ಕೂ ಜನ ಓದಿದ್ದು ಇಂಗ್ಲಿಷ್ ಮೀಡಿಯಂ. ಬರಹದಲ್ಲಿ ಒತ್ತಕ್ಷರ ಎಡವಿದ್ದರೆ ಮೊದಲೇ ಕ್ಷಮೆ ಕೇಳ್ತೀವಿ.

2023ರ ಮೇ 10ರಂದು ವಿಧಾನಸಭೆ ಚುನಾವಣೆ ಆದಾಗ ನಮಗೆ 17 ವರ್ಷ. ಮನೆಯವರೆಲ್ಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರು. ನಾವು ಮೇ 13ರಂದು ಟಿವಿ ಮುಂದೆ ಕುಂತು ರಿಸಲ್ಟ್ ನೋಡಿದ್ವಿ, ಅಷ್ಟೇ. ಮುಂದಿನ ವಿಧಾನಸಭೆ ಚುನಾವಣೆ ಬರಬೇಕಾದ್ದು 2028ಕ್ಕೆ. ಆಗ ನಮ್ಮದೂ ಓಟು ಇರುತ್ತೆ.

ಮೊನ್ನೆ ಮೆಸ್ಸಿನಲ್ಲಿ ಇದೇ ಮಾತು ಬಂತು. ಗಂಗಾವತಿಯವ ಹೇಳಿದ: "ಸೋಲೋರಿಗೆ ಹಾಕಿದ ಓಟು ವೇಸ್ಟ್ ಲೇ. ಗೆಲ್ಲೋರು ಯಾರು ಅಂತ ನೋಡಿ ಹಾಕಬೇಕು." ಕುಷ್ಟಗಿಯವ ಬಿಡಲಿಲ್ಲ: "ಹಂಗಂದ್ರ ನಮ್ಮೂರಾಗ ಅರ್ಧ ಮಂದಿ ಓಟು ಪ್ರತಿ ಸಲ ವೇಸ್ಟ್ ಏನು?" ಅನ್ನ ಆರಿ ಹೋಯ್ತು, ಮಾತು ಮುಗೀಲಿಲ್ಲ. ಕೊನೆಗೆ ರೂಮಿಗೆ ಬಂದು ರಿಸಲ್ಟ್ ತೆಗೆದು ಲೆಕ್ಕ ಹಾಕಿದ್ವಿ. ಆ ಲೆಕ್ಕವೇ ಈ ಲೇಖನ.

ಮೊದಲು ನಿಯಮ

ನಮ್ಮಲ್ಲಿ ಗೆಲ್ಲೋಕೆ ಅರ್ಧ ಓಟು ಬೇಕಿಲ್ಲ. ಪಾಸ್ ಮಾರ್ಕ್ಸ್ ಅಂತ ಒಂದಿಲ್ಲ. ಉಳಿದ ಪ್ರತಿಯೊಬ್ಬರಿಗಿಂತ ಒಂದು ಓಟು ಮುಂದಿದ್ದರೆ ಸಾಕು. ಇದು ತಮಾಷೆಗೆ ಹೇಳಿದ್ದಲ್ಲ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದಿದ್ದು ಸರಿಯಾಗಿ 1 ಓಟಿನಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಘೋಷಣೆಯಾದ ಅಂತರ 16. ಅಂದರೆ ಒಬ್ಬರು ಎಷ್ಟು ಓಟು ತಗೊಂಡರು ಅನ್ನೋದರ ಜೊತೆಗೆ, ಉಳಿದ ಓಟುಗಳು ಎಷ್ಟು ಜನರ ನಡುವೆ ಹಂಚಿಹೋದವು ಅನ್ನೋದೂ ರಿಸಲ್ಟನ್ನು ಬರೆಯುತ್ತೆ.

ಗಂಗಾವತಿಯಲ್ಲಿ ಆದದ್ದು

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆ ಉದಾಹರಣೆ ಇದೆ. ಗಾಲಿ ಜನಾರ್ದನ ರೆಡ್ಡಿ 2022ರ ಡಿಸೆಂಬರ್‌ನಲ್ಲಿ ಬಿಜೆಪಿಯಿಂದ ಹೊರಗೆ ಬಂದು ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದರು. ಗಣಿ ಪ್ರಕರಣದ ಜಾಮೀನು ಷರತ್ತಿನಿಂದ ಬಳ್ಳಾರಿಗೆ ಹೋಗೋಕೆ ಅವರಿಗೆ ಕೋರ್ಟ್ ಅನುಮತಿ ಬೇಕಿತ್ತು. ಹಾಗಾಗಿ ಪಕ್ಕದ ಗಂಗಾವತಿಯಲ್ಲಿ ಫುಟ್‌ಬಾಲ್ ಗುರುತಿನ ಮೇಲೆ ನಿಂತರು. ಐದು ತಿಂಗಳ ಹೊಸ ಪಕ್ಷ. ಆದರೂ ರಿಸಲ್ಟ್ ಹೀಗಿತ್ತು: ಜನಾರ್ದನ ರೆಡ್ಡಿ 66,213, ಕಾಂಗ್ರೆಸ್‌ನ ಇಕ್ಬಾಲ್ ಅನ್ಸಾರಿ 57,947, ಬಿಜೆಪಿಯ ಪರಣ್ಣ ಮುನವಳ್ಳಿ 29,167. ಅಂತರ 8,266.

ಎರಡನೇ ಮತ್ತು ಮೂರನೇ ಸ್ಥಾನದವರ ಓಟು ಕೂಡಿಸಿ ನೋಡಿ: 87,114. ಗೆದ್ದವರಿಗಿಂತ 20,901 ಜಾಸ್ತಿ. ಹಾಗಂತ ಗೆಲುವಿನಲ್ಲಿ ಮೋಸ ಏನೂ ಇಲ್ಲ, ನಿಯಮವೇ ಹಾಗಿದೆ. ಆದರೆ "ಗಂಗಾವತಿ ಜನ ಇವರನ್ನೇ ಬೇಕಂದರು" ಅಂತ ಟಿವಿಯವರು ಹೇಳಿದಾಗ ಈ 87 ಸಾವಿರ ಜನ ಆ ವಾಕ್ಯದಲ್ಲಿ ಇರೋದಿಲ್ಲ.

"ಬಿಜೆಪಿ ಓಟು ಒಡೀತು, ಅದಕ್ಕ ಹಿಂಗಾತು" ಅನ್ನೋದು ನಮ್ಮೂರ ಚಾ ಅಂಗಡಿಯ ಮಾತು. ಇದು ಅರ್ಧ ಸರಿ. 2018ರಲ್ಲಿ ಮುನವಳ್ಳಿ ಅವರು ಸುಮಾರು 67 ಸಾವಿರ ಓಟು ತಗೊಂಡು ಅನ್ಸಾರಿ ಅವರನ್ನು ಹತ್ತಿರ 8 ಸಾವಿರ ಅಂತರದಲ್ಲಿ ಸೋಲಿಸಿದ್ದರು. ಐದು ವರ್ಷದಲ್ಲಿ ಅವರ ಓಟು ಸುಮಾರು 38 ಸಾವಿರ ಇಳೀತು. ಆ 38 ಸಾವಿರವೂ ನೇರ ರೆಡ್ಡಿ ಅವರಿಗೇ ಹೋಯ್ತು ಅಂತ ಇಟ್ಟುಕೊಂಡರೂ, ಇನ್ನೂ 28 ಸಾವಿರ ಬೇರೆ ಕಡೆಯಿಂದ ಬಂದಿರಲೇಬೇಕು. ಬರೀ ಒಡೆದಿದ್ದರೆ ಲಾಭ ಆಗಬೇಕಾದ್ದು ಕಾಂಗ್ರೆಸ್‌ಗೆ. ಅನ್ಸಾರಿ ಅವರ ಓಟು ಎರಡೂ ಸಲ 58-59 ಸಾವಿರದ ಹತ್ತಿರವೇ ನಿಂತಿತು, ಅಂತರವೂ ಎರಡೂ ಸಲ 8 ಸಾವಿರದ ಆಸುಪಾಸು. ಎದುರಿಗೆ ನಿಂತ ಗೆದ್ದವರು ಮಾತ್ರ ಬದಲಾದರು. ಮುಂದೆ 2024ರ ಮಾರ್ಚ್‌ನಲ್ಲಿ ರೆಡ್ಡಿ ಅವರ ಪಕ್ಷ ಬಿಜೆಪಿಯಲ್ಲೇ ವಿಲೀನ ಆಯ್ತು.

ಇದೇ ಲೆಕ್ಕ, ರಾಜ್ಯದ ಮಟ್ಟದಲ್ಲಿ

2018ರಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಶೇ. 36ರಷ್ಟು ಓಟು, 104 ಸೀಟು. 2023ರಲ್ಲೂ ಹೆಚ್ಚುಕಮ್ಮಿ ಅದೇ ಶೇ. 36, ಆದರೆ ಸೀಟು 66. ಓಟು ಅಲ್ಲೇ ಇದ್ದು 38 ಸೀಟು ಹೋಗಿದ್ದು ಹೇಗೆ? ಪಕ್ಕದ ಕಾಲಂ ನೋಡಬೇಕು. ಜೆಡಿಎಸ್ ಸುಮಾರು ಶೇ. 18ರಿಂದ 13ಕ್ಕೆ ಇಳೀತು, ಕಾಂಗ್ರೆಸ್ ಶೇ. 38ರಿಂದ ಹತ್ತಿರ 43ಕ್ಕೆ ಏರಿತು. ಎದುರಾಳಿಗಳ ಓಟು ಒಂದೇ ಕಡೆ ಗುಡ್ಡೆ ಆಯ್ತು. ಕಾಂಗ್ರೆಸ್‌ಗೆ 224ರಲ್ಲಿ 135 ಸೀಟು ಬಂತು. ಶೇ. 43 ಓಟಿಗೆ ಶೇ. 60 ಸೀಟು. ಗಂಗಾವತಿಯಲ್ಲಿ ಹಂಚಿಕೆ ಮಾಡಿದ ಕೆಲಸವನ್ನು ರಾಜ್ಯದಲ್ಲಿ ಕೂಡಿಕೆ ಮಾಡಿತು.

ನಾಲ್ಕು ಊರು, ನಾಲ್ಕು ಗಾಳಿ

ನಮ್ಮ ಜಿಲ್ಲೆಯಲ್ಲಿ ಐದು ಕ್ಷೇತ್ರ. 2018ರಲ್ಲಿ ಬಿಜೆಪಿ 3, ಕಾಂಗ್ರೆಸ್ 2 ಇತ್ತು. 2023ರಲ್ಲಿ ಕಾಂಗ್ರೆಸ್ 3, ಬಿಜೆಪಿ 1, ಹೊಸ ಪಕ್ಷ 1. ಐದನೆಯದು ಕನಕಗಿರಿ, ಅಲ್ಲಿ ಗೆದ್ದ ಶಿವರಾಜ ತಂಗಡಗಿ ಅವರೇ 2023ರಲ್ಲಿ ಕನ್ನಡ ಮತ್ತು ಸಂಸ್ಕೃತಿ ಸಚಿವರಾದರು. ಉಳಿದ ನಾಲ್ಕು ನಮ್ಮ ನಾಲ್ವರ ಊರುಗಳು. 2008ರಿಂದ ನಾಲ್ಕು ಚುನಾವಣೆ ಸಾಲಾಗಿ ಬರೆದು ನೋಡಿದಾಗ ನಮಗೇ ನಗು ಬಂತು.

ಯಲಬುರ್ಗಾ ಗಾಳಿಯ ಜೊತೆ ಹೋಗುತ್ತೆ. 2008ರಲ್ಲಿ ಬಿಜೆಪಿ, 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಬಿಜೆಪಿಯ ಹಾಲಪ್ಪ ಆಚಾರ್, 2023ರಲ್ಲಿ ಕಾಂಗ್ರೆಸ್‌ನ ಬಸವರಾಜ ರಾಯರಡ್ಡಿ. ನಾಲ್ಕೂ ಸಲ ರಾಜ್ಯದಲ್ಲಿ ದೊಡ್ಡ ಪಕ್ಷ ಆಗಿದ್ದೂ ಅದೇ. ಪಕ್ಕದ ಕುಷ್ಟಗಿ ಪೂರ್ತಿ ಉಲ್ಟಾ. 2008ರಲ್ಲಿ ಕಾಂಗ್ರೆಸ್‌ನ ಅಮರೇಗೌಡ ಬಯ್ಯಾಪುರ, 2013ರಲ್ಲಿ ಬಿಜೆಪಿಯ ದೊಡ್ಡನಗೌಡ ಪಾಟೀಲ, 2018ರಲ್ಲಿ ಮತ್ತೆ ಬಯ್ಯಾಪುರ, 2023ರಲ್ಲಿ ಮತ್ತೆ ಪಾಟೀಲ. ರಾಜ್ಯ ಈ ಕಡೆ ಅಂದರೆ ಕುಷ್ಟಗಿ ಆ ಕಡೆ. ಕೊಪ್ಪಳ ಗಾಳಿಗೇ ಅಲುಗಾಡಲ್ಲ. 2013, 2018, 2023 ಮೂರೂ ಸಲ ಕಾಂಗ್ರೆಸ್‌ನ ರಾಘವೇಂದ್ರ ಹಿಟ್ನಾಳ. ಗಂಗಾವತಿ ಬಿಜೆಪಿ, ಜೆಡಿಎಸ್, ಬಿಜೆಪಿ, ಆಮೇಲೆ ಫುಟ್‌ಬಾಲ್.

ಊರಲ್ಲಿ ಇದಕ್ಕೆ ಏನೇನೋ ಕಾರಣ ಹೇಳ್ತಾರೆ. ನಾವು ಪ್ರಾಬಬಿಲಿಟಿ ಓದಿದವರು, ಒಂದು ಚೆಕ್ ಮಾಡಿದ್ವಿ. ಎರಡೇ ಪಕ್ಷ ಇದ್ದು, ಫಲಿತಾಂಶ ನಾಣ್ಯ ಚಿಮ್ಮಿದ ಹಾಗೆ ಬರುತ್ತೆ ಅಂದುಕೊಳ್ಳಿ. ನಾಲ್ಕು ಸಲಕ್ಕೆ ಸರಿಯಾಗಿ ಕುಷ್ಟಗಿಯ ಈ ಸಾಲು ಬರೋ ಸಾಧ್ಯತೆ 16ಕ್ಕೆ 1. ಅಂದರೆ 224 ಕ್ಷೇತ್ರದಲ್ಲಿ ಸುಮಾರು 14 ಕಡೆ ಸುಮ್ಮನೇ ಹೀಗೆ ಕಾಣಬಹುದು! ಜನ ನಾಣ್ಯ ಅಲ್ಲ, ನಿಜ. ಆದರೆ ನಾಲ್ಕೇ ರೀಡಿಂಗ್ ಇಟ್ಟುಕೊಂಡು ಗ್ರಾಫ್ ಎಳೆದರೆ ಲ್ಯಾಬಿನಲ್ಲಿ ಯಾರೂ ಸೈನ್ ಹಾಕಲ್ಲ. 2028ರಲ್ಲಿ ಕುಷ್ಟಗಿ ಏನು ಮಾಡುತ್ತೆ ಅಂತ ಇದರಿಂದ ಹೇಳೋಕೆ ಆಗಲ್ಲ.

ಹಾಗಾದರೆ ಓಟು ವೇಸ್ಟಾ?

ಗಂಗಾವತಿಗೆ ವಾಪಸ್ ಬರೋಣ. ಅಂತರ 8,266 ಅಂದರೆ ದೊಡ್ಡದು ಅನಿಸುತ್ತೆ. ಆದರೆ ಗೆದ್ದವರಿಗೆ ಹಾಕಿದವರಲ್ಲಿ 4,134 ಜನ ಎರಡನೇ ಸ್ಥಾನದವರಿಗೆ ಹಾಕಿದ್ದರೆ ರಿಸಲ್ಟೇ ತಿರುಗುತ್ತಿತ್ತು. 4,134 ಅಂದರೆ ಒಂದು ದೊಡ್ಡ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರಷ್ಟು. ಗೆದ್ದವರೂ ಈ ಲೆಕ್ಕ ಹಾಕಿಯೇ ಹಾಕ್ತಾರೆ. ಸೋತವರ ಪೆಟ್ಟಿಗೆಯಲ್ಲಿ ಎಷ್ಟು ಓಟಿದೆ ಅನ್ನೋದೇ ಗೆದ್ದವರಿಗೆ ಮುಂದಿನ ಐದು ವರ್ಷದ ಭಯ. ಹಾಗಾಗಿ ಸೋತವರಿಗೆ ಹಾಕಿದ ಓಟು ಸೀಟು ಕೊಡಲಿಲ್ಲ ಅಂದರೂ ಲೆಕ್ಕದಿಂದ ಹೊರಗೆ ಹೋಗಲ್ಲ. ನಿಜವಾಗಿ ವೇಸ್ಟ್ ಆಗೋದು ಹಾಕದೇ ಬಿಟ್ಟ ಓಟು.

ಆ ಓಟು ನಮ್ಮಂಥವರದ್ದೇ ಜಾಸ್ತಿ. ಹಾಸ್ಟೆಲ್‌ನಲ್ಲಿರೋ ವಿದ್ಯಾರ್ಥಿಗಳಿಗೆ ಅಂಚೆ ಮತದ ಸೌಲಭ್ಯ ಇಲ್ಲ. ಹೆಸರು ಎಲ್ಲಿದೆಯೋ ಅಲ್ಲಿಗೇ ಹೋಗಿ ಹಾಕಬೇಕು. 2023ರಲ್ಲಿ ಮತದಾನ ಬುಧವಾರ ಇತ್ತು, ಮುಂದೆ ಹಿಂದೆ ರಜೆ ಇಲ್ಲ. ಹೆಸರನ್ನು ಊರಲ್ಲೂ ಇಡಬಹುದು, ಹಾಸ್ಟೆಲ್ ವಿಳಾಸದಲ್ಲೂ ಮಾಡಿಸಬಹುದು. ಎರಡೂ ಕಡೆ ಇರುವ ಹಾಗಿಲ್ಲ. ಹೊಸದಾಗಿ ಸೇರಿಸೋಕೆ ಫಾರ್ಮ್ 6. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖಿಗೆ 18 ತುಂಬಿದ್ದರೆ ಆಯ್ತು, 17 ದಾಟಿದವರು ಮುಂಚಿತವಾಗಿಯೂ ಅರ್ಜಿ ಹಾಕಬಹುದು.

ನಾವು ನಾಲ್ವರೂ ಊರಲ್ಲೇ ಹೆಸರು ಇಡೋದು ಅಂತ ಮಾಡೀವಿ. ಯಾರು ಯಾರಿಗೆ ಹಾಕ್ತೀವಿ ಅನ್ನೋದು ನಮ್ಮಲ್ಲೇ ಗುಟ್ಟು. ಬಸ್ಸಿನಲ್ಲಿ ಒಟ್ಟಿಗೇ ಹೋಗ್ತೀವಿ, ಅದು ಮಾತ್ರ ಪಕ್ಕಾ. ಗಂಗಾವತಿಯವ ಈಗಲೂ ಪೂರ್ತಿ ಒಪ್ಪಿಲ್ಲ. "ಮೊದಲು ಕ್ಯಾಂಡಿಡೇಟ್ ನೋಡೋಣ ತಡಿ" ಅಂತಾನೆ. ಅದೂ ಸರಿಯಾದ ಮಾತೇ.