ಎನ್‌ಎಫ್‌ಎಲ್ ಡ್ರಾಫ್ಟ್ ಪೂರ್ವ ಆಟಗಾರರ ಮೌಲ್ಯಮಾಪನ

ಎನ್‌ಎಫ್‌ಎಲ್ ಡ್ರಾಫ್ಟ್ ಪೂರ್ವ ಮೌಲ್ಯಮಾಪನ ಎಂಬುದು ಅಮೆರಿಕದ ಕಾಲೇಜು ಫುಟ್‌ಬಾಲ್ ಆಟಗಾರರ ಸಾಮರ್ಥ್ಯವನ್ನು ವೃತ್ತಿಪರ ತಂಡಗಳು ಪರೀಕ್ಷಿಸುವ ಕ್ರಮ. ಇಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್.

ಹಿನ್ನೆಲೆ

ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಯೇ ಡ್ರಾಫ್ಟ್. ಮೊದಲ ಡ್ರಾಫ್ಟ್ ೧೯೩೬ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆಯಿತು. ಈಗ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ೩೨ ತಂಡಗಳು ಏಳು ಸುತ್ತುಗಳಲ್ಲಿ ಆಯ್ಕೆ ಮಾಡುತ್ತವೆ. ಹಿಂದಿನ ಋತುವಿನಲ್ಲಿ ಅತಿ ಕಡಿಮೆ ಸಾಧನೆ ತೋರಿದ ತಂಡಕ್ಕೆ ಸಾಮಾನ್ಯವಾಗಿ ಮೊದಲ ಅವಕಾಶ ದೊರೆಯುತ್ತದೆ. ಆದ್ದರಿಂದ ಒಂದು ತಪ್ಪು ಆಯ್ಕೆಯೂ ದುರ್ಬಲ ತಂಡಕ್ಕೆ ದೊಡ್ಡ ನಷ್ಟವಾಗಬಲ್ಲದು.

ವಿಧಾನ

ಸ್ಕೌಟ್‌ಗಳೆಂಬ ಪ್ರತಿಭಾ ಶೋಧಕರು ಕಾಲೇಜು ಪಂದ್ಯಗಳನ್ನು ಹಾಗೂ ಅವುಗಳ ದೃಶ್ಯಮುದ್ರಿಕೆಗಳನ್ನು ವೀಕ್ಷಿಸಿ, ತರಬೇತುದಾರರನ್ನು ವಿಚಾರಿಸಿ ವರದಿ ಸಿದ್ಧಪಡಿಸುತ್ತಾರೆ. ಬಳಿಕ ಸುಮಾರು ೩೦೦ ಆಟಗಾರರನ್ನು 'ಕಂಬೈನ್' ಎಂಬ ಪರೀಕ್ಷಾ ಶಿಬಿರಕ್ಕೆ ಆಹ್ವಾನಿಸಲಾಗುತ್ತದೆ. ೧೯೮೭ರಿಂದ ಇದರ ನೆಲೆ ಇಂಡಿಯಾನಾಪೊಲಿಸ್ ನಗರ. ಅಲ್ಲಿನ ಮುಖ್ಯ ಪರೀಕ್ಷೆಗಳು:

* ೪೦ ಗಜಗಳ (ಸುಮಾರು ೩೬.೬ ಮೀಟರ್) ಓಟ
* ನಿಂತಲ್ಲಿಂದಲೇ ಎತ್ತರ ಜಿಗಿತ ಹಾಗೂ ಉದ್ದ ಜಿಗಿತ
* ಬೆಂಚಿನ ಮೇಲೆ ಮಲಗಿ ೨೨೫ ಪೌಂಡ್ (ಸುಮಾರು ೧೦೨ ಕಿಲೋಗ್ರಾಂ) ಭಾರವನ್ನು ಪದೇ ಪದೇ ಎತ್ತುವುದು
* ವೈದ್ಯಕೀಯ ತಪಾಸಣೆ ಮತ್ತು ಸಂದರ್ಶನ

ಕಂಬೈನ್‌ನ ೪೦ ಗಜಗಳ ಓಟವನ್ನು ಝೇವಿಯರ್ ವರ್ದಿ ೨೦೨೪ರಲ್ಲಿ ೪.೨೧ ಸೆಕೆಂಡುಗಳಲ್ಲಿ ಮುಗಿಸಿ ದಾಖಲೆ ನಿರ್ಮಿಸಿದರು.

ಮಿತಿಗಳು

ಓಟದ ವೇಗವನ್ನು ಅಳೆಯಬಹುದು. ಒತ್ತಡದ ನಡುವೆ ಸರಿಯಾದ ತೀರ್ಮಾನ ಕೈಗೊಳ್ಳುವ ಶಕ್ತಿಯನ್ನು ಅಳೆಯುವುದು ಕಷ್ಟ. ಮಿಷಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರಾಡಿ ೨೦೦೦ದ ಕಂಬೈನ್‌ನಲ್ಲಿ ಇದೇ ಓಟಕ್ಕೆ ೫.೨೮ ಸೆಕೆಂಡು ತೆಗೆದುಕೊಂಡರು. ಆ ವರ್ಷ ಅವರು ಆರನೆಯ ಸುತ್ತಿನಲ್ಲಿ, ೧೯೯ನೆಯ ಆಟಗಾರರಾಗಿ ಆಯ್ಕೆಯಾದರು. ಮುಂದೆ ಅವರು ಏಳು ಬಾರಿ ಸೂಪರ್ ಬೌಲ್ ಗೆದ್ದ ತಂಡಗಳಲ್ಲಿದ್ದರು.