ಗಣಕಯಂತ್ರದ ಪರದೆಯ ಮೇಲೆ ಅರ್ಜಿ ನಮೂನೆಯ ಜೋಡಣೆ : ಅರ್ಜಿದಾರರ ತಿಳಿವಳಿಕೆಗಾಗಿ

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಎರಕದ ಕಾರ್ಖಾನೆಗಳು, ಯಂತ್ರಭಾಗ ತಯಾರಿಕಾ ಘಟಕಗಳು ಹಾಗೂ ಖಾನಾಪುರದ ಹೆಂಚು ಮತ್ತು ಕುಂಬಾರಿಕೆ ಘಟಕಗಳ ಮಾಲೀಕರು ಉದ್ಯಮ್ ನೋಂದಣಿಯೂ ಸೇರಿದಂತೆ ಹಲವು ಸೇವೆಗಳಿಗೆ ಗಣಕಯಂತ್ರದ ಮೂಲಕ ಅರ್ಜಿ ಸಲ್ಲಿಸುತ್ತಾರೆ. ಮುದ್ರಿತ ನಮೂನೆಯಲ್ಲಿ ಪ್ರತಿಯೊಂದು ಅಂಶಕ್ಕೂ ನಿಗದಿತ ಸ್ಥಳವಿರುತ್ತದೆ. ಪರದೆಯ ಮೇಲಿನ ನಮೂನೆಯಲ್ಲಿ ಹಾಗಿರುವುದಿಲ್ಲ. ಪರದೆಯ ಅಗಲಕ್ಕೆ ಅನುಗುಣವಾಗಿ ಭರ್ತಿ ಮಾಡುವ ಚೌಕಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಕೆಲವೊಮ್ಮೆ ಸ್ಥಳವನ್ನೂ ಬದಲಿಸುತ್ತವೆ. ಮಾಹಿತಿಯು ತಪ್ಪು ಚೌಕಕ್ಕೆ ಸೇರಿದಲ್ಲಿ ಅರ್ಜಿ ತಿರಸ್ಕೃತವಾಗುವ ಸಂಭವವಿರುವುದರಿಂದ, ಈ ಜೋಡಣೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಚೌಕಳಿ ಮತ್ತು ನಿಬಂಧನೆಗಳು

ನಮೂನೆಯನ್ನು ಸಿದ್ಧಪಡಿಸುವವರು ಪರದೆಯನ್ನು ಅಡ್ಡ ಸಾಲು ಮತ್ತು ಅಂಕಣಗಳ ಚೌಕಳಿಯಾಗಿ ವಿಂಗಡಿಸುತ್ತಾರೆ. ಪ್ರತಿಯೊಂದು ಶೀರ್ಷಿಕೆಗೂ ಚೌಕಕ್ಕೂ ಕೆಲವು ನಿಬಂಧನೆಗಳನ್ನು ವಿಧಿಸಲಾಗುತ್ತದೆ. ಅವು ಈ ಕೆಳಕಂಡಂತಿವೆ:

(ಅ) ಅದು ಯಾವ ಸಾಲು ಮತ್ತು ಯಾವ ಅಂಕಣದಲ್ಲಿರಬೇಕು;
(ಆ) ಎಷ್ಟು ಅಂಕಣ ಅಥವಾ ಸಾಲುಗಳನ್ನು ವ್ಯಾಪಿಸಬೇಕು;
(ಇ) ಉಳಿದ ಜಾಗದಲ್ಲಿ ಅದರ ಪಾಲು ಎಷ್ಟು;
(ಈ) ದೊರೆತ ಜಾಗವನ್ನು ಪೂರ್ತಿ ತುಂಬಬೇಕೇ, ಇಲ್ಲವೇ ಒಂದು ಅಂಚಿಗೆ ನಿಲ್ಲಬೇಕೇ;
(ಉ) ಸುತ್ತಲೂ ಎಷ್ಟು ಅಂತರ ಬಿಡಬೇಕು.

ಜಾವಾ ಭಾಷೆಯಲ್ಲಿ 1996ರ ಮೊದಲ ಆವೃತ್ತಿಯಿಂದಲೇ ಲಭ್ಯವಿರುವ ಗ್ರಿಡ್‌ಬ್ಯಾಗ್ ಲೇಔಟ್ ಈ ಪದ್ಧತಿಯನ್ನು ಅನುಸರಿಸುತ್ತದೆ. ವೆಬ್ ಪುಟಗಳಿಗಾಗಿ ಇದೇ ಬಗೆಯ ಸಿಎಸ್‌ಎಸ್ ಗ್ರಿಡ್ ಸೌಲಭ್ಯವು 2017ರಿಂದ ಪ್ರಮುಖ ಬ್ರೌಸರ್‌ಗಳಲ್ಲಿ ದೊರೆಯುತ್ತಿದೆ.

2. ಅಗಲದ ಲೆಕ್ಕಾಚಾರ

ಗ್ರಿಡ್‌ಬ್ಯಾಗ್ ಪದ್ಧತಿಯಲ್ಲಿ, ಅಂಕಣವೊಂದರ ಅಗಲವನ್ನು ಸಾಮಾನ್ಯವಾಗಿ ಅದರಲ್ಲಿರುವ ಅತಿ ಅಗಲದ ಅಂಶವು ನಿರ್ಧರಿಸುತ್ತದೆ. ಉದಾಹರಣೆಗೆ, ಶೀರ್ಷಿಕೆಗಳ ಅಂಕಣಕ್ಕೆ 250 ಪಿಕ್ಸೆಲ್, ಚೌಕಗಳ ಅಂಕಣಕ್ಕೆ 350 ಪಿಕ್ಸೆಲ್ ಬೇಕಿದ್ದು, ವಿಂಡೋ 800 ಪಿಕ್ಸೆಲ್ ಅಗಲವಿದ್ದರೆ 200 ಪಿಕ್ಸೆಲ್ ಉಳಿಯುತ್ತದೆ. ಶೀರ್ಷಿಕೆಗಳ ಪಾಲು 0, ಚೌಕಗಳ ಪಾಲು 1 ಎಂದಿದ್ದರೆ ಉಳಿದುದೆಲ್ಲವೂ ಚೌಕಗಳ ಅಂಕಣಕ್ಕೆ ಸೇರಿ ಅದು 550 ಪಿಕ್ಸೆಲ್ ಆಗುತ್ತದೆ. ಎರಡರ ಪಾಲೂ 0 ಆಗಿದ್ದರೆ ಎಡಬಲಗಳಲ್ಲಿ ತಲಾ 100 ಪಿಕ್ಸೆಲ್ ಖಾಲಿ ಉಳಿದು ನಮೂನೆಯು ನಡುವೆ ಒತ್ತಾಗಿ ನಿಲ್ಲುತ್ತದೆ.

ವಿಂಡೋ 600 ಪಿಕ್ಸೆಲ್‌ಗಿಂತ ಕಿರಿದಾದಾಗ ಪ್ರತಿಯೊಂದು ಅಂಶದ ಕನಿಷ್ಠ ಅಗಲವನ್ನು ಪರಿಗಣಿಸಲಾಗುತ್ತದೆ. ಚೌಕಕ್ಕೆ ಕನಿಷ್ಠ ಅಗಲವನ್ನಾಗಲಿ ಪಾಲನ್ನಾಗಲಿ ಸೂಚಿಸದಿದ್ದಲ್ಲಿ ಅದು ಒಂದು ಗೆರೆಯಷ್ಟು ಕಿರಿದಾಗಿ ಕಾಣಿಸಬಹುದು. ಇದು ಅರ್ಜಿದಾರರ ತಪ್ಪಲ್ಲ; ವಿಂಡೋವನ್ನು ಹಿಗ್ಗಿಸಿದರೆ ಚೌಕವು ಮೊದಲಿನಂತೆ ಕಾಣುತ್ತದೆ.

3. ಕನ್ನಡ ನಮೂನೆಗಳ ವಿಶೇಷತೆ

ಶೀರ್ಷಿಕೆಗಳು ಒಂದು ಭಾಷೆಯಿಂದ ಮತ್ತೊಂದು ಭಾಷೆಗೆ ಬದಲಾದಾಗ ಅವುಗಳ ಉದ್ದವೂ ಬದಲಾಗುತ್ತದೆ. ಇಂಗ್ಲಿಷ್ ಶೀರ್ಷಿಕೆಗೆ ತಕ್ಕಂತೆ ಅಗಲವನ್ನು ಬಿಗಿಯಾಗಿ ನಿಗದಿಪಡಿಸಿದ್ದಲ್ಲಿ ಕನ್ನಡದ ಶೀರ್ಷಿಕೆಯು ಅರ್ಧಕ್ಕೇ ಕತ್ತರಿಸಲ್ಪಡುತ್ತದೆ. ‘ಘಟಕದ ಹೆಸರು’ ಮತ್ತು ‘ಘಟಕದ ಮಾಲೀಕರ ಹೆಸರು’ ಎಂಬ ಎರಡು ಶೀರ್ಷಿಕೆಗಳು ‘ಘಟಕದ’ ಎಂಬಲ್ಲಿಗೇ ನಿಂತರೆ, ಮಾಲೀಕರ ಚೌಕದಲ್ಲಿ ಕಾರ್ಖಾನೆಯ ಹೆಸರು ಸೇರುವ ಸಾಧ್ಯತೆ ಇರುತ್ತದೆ. ಆಗ ಆಧಾರ್‌ನಲ್ಲಿರುವ ಹೆಸರಿಗೂ ಅರ್ಜಿಯಲ್ಲಿರುವ ಹೆಸರಿಗೂ ತಾಳೆಯಾಗುವುದಿಲ್ಲ. ಸಾಲಿನ ಎತ್ತರದ ವಿಷಯವೂ ಹೀಗೆಯೇ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಎತ್ತರ ಸಾಲದಿದ್ದರೆ ‘ಸಂಖ್ಯೆ’ ಎಂಬುದು ‘ಸಂಖೆ’ ಎಂದು ಕಾಣುತ್ತದೆ. ಅಳತೆಯನ್ನು ಬಿಗಿಗೊಳಿಸದೆ ನಿಬಂಧನೆಗಳ ಮೂಲಕ ಜೋಡಿಸಿದ ನಮೂನೆಯಲ್ಲಿ ಶೀರ್ಷಿಕೆಯ ಉದ್ದ ಮತ್ತು ಎತ್ತರಕ್ಕೆ ತಕ್ಕಂತೆ ಅಂಕಣ ಹಾಗೂ ಸಾಲುಗಳು ತಾವೇ ಹಿಗ್ಗುತ್ತವೆ. ಕನ್ನಡದ ನಮೂನೆಗಳಿಗೆ ಈ ಪದ್ಧತಿಯು ಹೆಚ್ಚು ಸೂಕ್ತವಾಗಿರುವುದಕ್ಕೆ ಇದೇ ಕಾರಣ.

4. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಭರ್ತಿ ಮಾಡುವ ಮೊದಲು ವಿಂಡೋವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸತಕ್ಕದ್ದು. ಬ್ರೌಸರ್‌ನಲ್ಲಿ ಅಕ್ಷರಗಳು ಅಸ್ತವ್ಯಸ್ತವಾಗಿ ಕಂಡಲ್ಲಿ ಕಂಟ್ರೋಲ್ ಮತ್ತು ಸೊನ್ನೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪುಟವು ಮೂಲ ಗಾತ್ರಕ್ಕೆ ಮರಳುತ್ತದೆ.

(2) ಶೀರ್ಷಿಕೆಯು ಕತ್ತರಿಸಿದಂತೆ ಕಂಡಲ್ಲಿ ಊಹೆಯಿಂದ ಭರ್ತಿ ಮಾಡಬಾರದು.

(3) ಚೌಕದ ಉದ್ದವು ತುಂಬಬೇಕಾದ ಅಕ್ಷರಗಳ ಸಂಖ್ಯೆಯನ್ನು ಸೂಚಿಸುವುದಿಲ್ಲ. ಆಧಾರ್ ಸಂಖ್ಯೆಯು 12 ಅಂಕಿ, ಪ್ಯಾನ್ 10 ಅಕ್ಷರ, ಜಿಎಸ್‌ಟಿ ಗುರುತಿನ ಸಂಖ್ಯೆ 15 ಅಕ್ಷರ ಹಾಗೂ ಪಿನ್‌ಕೋಡ್ 6 ಅಂಕಿಗಳನ್ನು ಹೊಂದಿರುತ್ತವೆ. ಉದ್ಯಮಬಾಗದ ಪಿನ್‌ಕೋಡ್ 590008 ಆಗಿದೆ. ಉದ್ಯಮ್ ನೋಂದಣಿ ಸಂಖ್ಯೆಯು ನಡುವಿನ ಅಡ್ಡಗೆರೆಗಳೂ ಸೇರಿ 19 ಅಕ್ಷರಗಳದ್ದಾಗಿರುತ್ತದೆ.

(4) ವೆಬ್ ಪುಟಗಳಲ್ಲಿ ಟ್ಯಾಬ್ ಕೀಲಿಯು ಸಾಮಾನ್ಯವಾಗಿ ಪುಟವನ್ನು ಬರೆದ ಅನುಕ್ರಮದಂತೆ ಮುಂದಿನ ಚೌಕಕ್ಕೆ ಒಯ್ಯುತ್ತದೆ. ಇದು ಕಣ್ಣಿಗೆ ಕಾಣುವ ಅನುಕ್ರಮಕ್ಕಿಂತ ಭಿನ್ನವಾಗಿರಬಹುದು. ಆದ್ದರಿಂದ ಪ್ರತಿ ಬಾರಿಯೂ ಶೀರ್ಷಿಕೆಯನ್ನು ಓದಿ ಖಚಿತಪಡಿಸಿಕೊಳ್ಳಬೇಕು.

(5) ಮೊಬೈಲ್‌ನಲ್ಲಿ ಹಲವು ಅಂಕಣಗಳು ಒಂದರ ಕೆಳಗೊಂದು ಬರುವಂತೆ ನಮೂನೆಯನ್ನು ರೂಪಿಸಿರಬಹುದು. ಕೊನೆಯ ಚೌಕದವರೆಗೂ ಪುಟವನ್ನು ಸರಿಸಿ ನೋಡುವುದು ಅವಶ್ಯ.

(6) ಸೇವಾ ಕೇಂದ್ರದ ಸಿಬ್ಬಂದಿಯ ಮೂಲಕ ಭರ್ತಿ ಮಾಡಿಸುವವರು ಸಲ್ಲಿಕೆಗೆ ಮುನ್ನ ಪ್ರತಿಯೊಂದು ಶೀರ್ಷಿಕೆ ಹಾಗೂ ಅದರ ಮುಂದಿನ ವಿವರವನ್ನು ಸ್ವತಃ ಪರಿಶೀಲಿಸಬೇಕು. ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿಗೆ ಯಾವುದೇ ಶುಲ್ಕವಿರುವುದಿಲ್ಲ.

ಶೀರ್ಷಿಕೆ ಅಥವಾ ಚೌಕ ಸರಿಯಾಗಿ ಕಾಣದಿದ್ದಲ್ಲಿ, ಪರದೆಯ ಚಿತ್ರವನ್ನು ಉಳಿಸಿಕೊಂಡು, ಬಳಸಿದ ಬ್ರೌಸರ್‌ನ ಹೆಸರಿನೊಂದಿಗೆ ಸಂಬಂಧಪಟ್ಟ ಕಚೇರಿಯ ಗಮನಕ್ಕೆ ತರುವಂತೆ ಅರ್ಜಿದಾರರನ್ನು ಕೋರಲಾಗಿದೆ.